ರಕ್ತನಾಳ ಹಾಳಾಗಿದೆಯಾ ಅಂತ ರಕ್ತ ಹೇಳುತ್ತಾ? ಒಂದು ಪ್ರಕರಣ

ಇದು ನಾನು ನೋಡಿದ ಒಬ್ಬ ಮಹಿಳೆಯ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಬೇರೆ ವೈದ್ಯರಿಗೆ, ಕೊಲೆಸ್ಟ್ರಾಲ್ ರಿಪೋರ್ಟ್ ಕೈಯಲ್ಲಿ ಹಿಡಿದು ಗೊಂದಲದಲ್ಲಿರುವವರಿಗೆ ಅದು ಉಪಯೋಗಕ್ಕೆ ಬರಲಿ ಅಂತ ಮುಚ್ಚಿಡದೆ ಹೇಳುತ್ತೇನೆ.

ಹಿನ್ನೆಲೆ

ಅವರಿಗೆ 51 ವರ್ಷ. ದಿನವಿಡೀ ಕುಳಿತು ಮಾಡುವ ಕೆಲಸ. ಸಿಗರೇಟು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಬಿಪಿ 128/82. ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಆರು ವರ್ಷದ ಹಿಂದಿನ ರಿಪೋರ್ಟಿನಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, 140ರ ಆಸುಪಾಸಿನಲ್ಲಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಎಲ್‌ಡಿಎಲ್ ಮೇಲೇರುವುದು ಸಾಮಾನ್ಯ. ಹಾಗಾಗಿ ಹೊಸ ರಿಪೋರ್ಟ್ ನೋಡಿ ನನಗೆ ಆಶ್ಚರ್ಯ ಆಗಲಿಲ್ಲ.

ಒಟ್ಟು ಕೊಲೆಸ್ಟ್ರಾಲ್ 268. ‘ಒಳ್ಳೆಯ’ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 46. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 210. ಎಲ್‌ಡಿಎಲ್ 180. ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಈ 180 ಅನ್ನು ಲ್ಯಾಬ್ ನೇರವಾಗಿ ಅಳೆದಿರಲಿಲ್ಲ. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕಿತ್ತು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಬೇಕು. ತುಂಬಾ ಕಡೆ ಇವತ್ತಿಗೂ ಹೀಗೇ ಮಾಡುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕವನ್ನು ನಂಬುವಂತಿಲ್ಲ.

ಅವರ ಅಣ್ಣನಿಗೆ 48ನೇ ವಯಸ್ಸಿನಲ್ಲಿ ಹೃದಯಾಘಾತ ಆಗಿತ್ತು. ಬದುಕಿದರು. ಆ ರಾತ್ರಿ ಆಸ್ಪತ್ರೆಯಲ್ಲಿ ಕಾದು ಕುಳಿತದ್ದನ್ನು ಇವರು ಮರೆತಿಲ್ಲ.

ಸಮಸ್ಯೆ

ಎಲ್‌ಡಿಎಲ್ 190 ದಾಟಿದ್ದರೆ ಮಾತು ಸುಲಭ. ಆಗ ಬೇರೆ ಲೆಕ್ಕ ನೋಡದೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡುತ್ತೇವೆ. 180 ಅಂದರೆ ಅದರ ಹೊಸ್ತಿಲಲ್ಲೇ ನಿಂತ ಹಾಗೆ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು ಆಗುವ ಸಾಧ್ಯತೆ ಎಷ್ಟು ಅಂತ ಹೇಳುವ ಕ್ಯಾಲ್ಕುಲೇಟರಿನಲ್ಲಿ ಹಾಕಿದರೆ 5%ಗಿಂತ ಕಡಿಮೆ ಬಂತು. ಆ ಕ್ಯಾಲ್ಕುಲೇಟರ್ ವಯಸ್ಸಿಗೆ ತುಂಬಾ ತೂಕ ಕೊಡುತ್ತದೆ. 51ರ ಮಹಿಳೆಗೆ ಬೇರೆ ತೊಂದರೆ ಇಲ್ಲದಿದ್ದರೆ ಅದು ಹೆಚ್ಚಿನ ಸಲ ಕಡಿಮೆ ಅಂತಲೇ ಹೇಳುತ್ತದೆ. ಅಣ್ಣನ ವಿಷಯವಂತೂ ಅದಕ್ಕೆ ಗೊತ್ತೇ ಇಲ್ಲ.

ನಾನು ಮಾತ್ರೆಯ ಮಾತೆತ್ತಿದೆ. ಅವರು ಒಂದು ಪ್ರಶ್ನೆ ಕೇಳಿದರು: “ಡಾಕ್ಟ್ರೇ, ಕೊಲೆಸ್ಟ್ರಾಲ್ ಜಾಸ್ತಿ ಇದೆ, ಸರಿ. ಆದ್ರೆ ನನ್ನ ರಕ್ತನಾಳ ಹಾಳಾಗಿದೆಯಾ? ಅದು ಚೆನ್ನಾಗಿಯೇ ಇದ್ರೆ ಸುಮ್ನೆ ಯಾಕೆ ಜೀವನಪೂರ್ತಿ ಮಾತ್ರೆ?”

ಇದು ಬಹಳ ಒಳ್ಳೆಯ ಪ್ರಶ್ನೆ. ನಾವು ಚಿಕಿತ್ಸೆ ಕೊಡುವುದು ರಿಪೋರ್ಟಿನ ಅಂಕಿಗೆ ಅಲ್ಲ, ರಕ್ತನಾಳಕ್ಕೆ. ಆದರೆ ಅವತ್ತು ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. “ಮೊದಲು ಮೂರು ತಿಂಗಳು ಊಟ, ನಡಿಗೆ ನೋಡೋಣ” ಅಂತ ಹೇಳಿ ಕಳಿಸಿದೆ. ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಉತ್ತರವನ್ನು ಅವರೇ ಹುಡುಕಿಕೊಂಡು ಹೋದರು.

ಹನ್ನೊಂದು ಸಾಲಿನ ರಿಪೋರ್ಟ್

ಎರಡು ತಿಂಗಳ ನಂತರ ಯಜಮಾನರ ಜೊತೆ ಬಂದರು. ಕೈಯಲ್ಲಿ ರಕ್ತನಾಳದ ಆರೋಗ್ಯ ತಿಳಿಸುವ ಪ್ಯಾಕೇಜಿನ ರಿಪೋರ್ಟ್ ಇತ್ತು. ಹನ್ನೊಂದು ಪರೀಕ್ಷೆಗಳು, ಕೆಂಪು ಮತ್ತು ಹಸಿರು ಗುರುತುಗಳು. ದೇಹದಲ್ಲಿ ಉರಿಯೂತ ಇದ್ದರೆ ಏರುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ 8.4, ಕೆಂಪು. ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ 19, ಕೆಂಪು. ಎಡಿಎಂಎ ಗೆರೆಗಿಂತ ಸ್ವಲ್ಪ ಮೇಲೆ. ಐಕ್ಯಾಮ್-1, ವಿಕ್ಯಾಮ್-1, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಲ್ಲಾ ಹಸಿರು.

ಒಂದೇ ಕಾಗದವನ್ನು ಗಂಡ ಹೆಂಡತಿ ಎರಡು ಥರ ಓದಿದ್ದರು. ಅವರು ಹಸಿರು ಸಾಲುಗಳಿಗೆ ಬೆರಳಿಟ್ಟು “ನೋಡಿ, ರಕ್ತನಾಳ ಚೆನ್ನಾಗಿದೆ” ಅಂದರು. ಯಜಮಾನರು ಕೆಂಪು ಸಾಲು ತೋರಿಸಿ “ಒಳಗೆ ಉರೀತಿದೆ ಅಂತ ಬಂದಿದೆಯಲ್ಲ” ಅಂದರು. ಇಬ್ಬರೂ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಈ ಹೆಸರುಗಳ ಬಗ್ಗೆ ಸ್ವಲ್ಪ ಹೇಳಬೇಕು. ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಒಳಪದರ ಇದೆ. ಎಂಡೋಥೀಲಿಯಂ ಅಂತ ಹೆಸರು. ಅದು ಬರೀ ಹೊದಿಕೆ ಅಲ್ಲ, ದುಡಿಯುವ ಅಂಗ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸಿ ರಕ್ತನಾಳ ಬಿಗಿಯಾಗದಂತೆ, ರಕ್ತದ ಕಣಗಳು ಅಂಟದಂತೆ ನೋಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಎಲ್‌ಡಿಎಲ್ ಬಹಳ ಕಾಲ ಜಾಸ್ತಿ ಇದ್ದರೆ ಈ ಪದರ ಸೊರಗುತ್ತದೆ. ಎಡಿಎಂಎ ಎಂಬುದು ನೈಟ್ರಿಕ್ ಆಕ್ಸೈಡ್ ತಯಾರಿಗೆ ಅಡ್ಡಗಾಲು ಹಾಕುವ ವಸ್ತು. ಐಕ್ಯಾಮ್, ವಿಕ್ಯಾಮ್ ಅಂದರೆ ಸೊರಗಿದ ಪದರದ ಮೇಲೆ ಮೂಡುವ ಕೊಕ್ಕೆಗಳು. ಬಿಳಿ ರಕ್ತಕಣಗಳು ಅವಕ್ಕೆ ಸಿಕ್ಕಿ ಗೋಡೆಯೊಳಗೆ ನುಸುಳುತ್ತವೆ, ಅಲ್ಲಿ ಕೊಬ್ಬು ನುಂಗಿ ಊದಿಕೊಳ್ಳುತ್ತವೆ. ಪ್ಲಾಕ್, ಅಂದರೆ ನಾಳದ ಗೋಡೆಯಲ್ಲಿ ಕೂರುವ ಕೊಬ್ಬಿನ ಗಡ್ಡೆ, ಶುರುವಾಗುವುದು ಹೀಗೆ.

ಅಂದ ಮೇಲೆ ಇವನ್ನು ಅಳೆದರೆ ಉತ್ತರ ಸಿಗಬೇಕಲ್ವಾ? ಸಂಶೋಧನೆಯಲ್ಲಿ ಸಾವಿರಾರು ಜನರ ಸರಾಸರಿ ನೋಡುವಾಗ ಸಿಗುತ್ತದೆ. ಎದುರಿಗೆ ಕುಳಿತ ಒಬ್ಬರ ವಿಷಯದಲ್ಲಿ ಸಿಗುವುದಿಲ್ಲ. ಕೊಕ್ಕೆಯ ತುಣುಕುಗಳು ಇಡೀ ದೇಹದ ರಕ್ತನಾಳಗಳಿಂದ ಉದುರಿ ರಕ್ತ ಸೇರುತ್ತವೆ. ಹೃದಯದ ನಾಳದಲ್ಲಿ ಮೂರು ಮಿಲಿಮೀಟರಿನ ಜಾಗ ಕೆಟ್ಟಿದ್ದರೆ ಅದು ಆ ಮೊತ್ತದಲ್ಲಿ ಕಾಣುವುದೇ ಇಲ್ಲ. ಮೂತ್ರಪಿಂಡದ ಕೆಲಸ ಸ್ವಲ್ಪ ತಗ್ಗಿದರೂ ಎಡಿಎಂಎ, ಹೋಮೋಸಿಸ್ಟೀನ್ ಎರಡೂ ಏರುತ್ತವೆ. ಒಳಪದರದಿಂದ ಹೊರಬಂದು ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ರಕ್ತದ ಗುಂಪಿನ ಮೇಲೂ ನಿಂತಿದೆ. ಓ ಗುಂಪಿನವರಲ್ಲಿ ಅದು ಸಹಜವಾಗಿಯೇ ಸುಮಾರು ಕಾಲು ಭಾಗ ಕಡಿಮೆ. ಇವರದು ಓ ಗುಂಪು. ಅವರಿಗೆ ಧೈರ್ಯ ಕೊಟ್ಟಿದ್ದ ಒಂದು ಹಸಿರು ಗುರುತಿನ ಹಿಂದೆ ಇದ್ದದ್ದು ಇಷ್ಟೇ ಇರಬಹುದು.

ನಾನು ಎಡವಿದ್ದು

ಇದೆಲ್ಲಾ ನನಗೆ ಗೊತ್ತಿತ್ತು. ಆದರೂ ಅವತ್ತು ನಾನು ಸಿಆರ್‌ಪಿಯನ್ನು ಕೈಗೆತ್ತಿಕೊಂಡೆ.

ಕಾರಣ ಸರಳ. ಅವರಿಗೆ ಮಾತ್ರೆ ಬೇಕು ಅಂತ ನನಗೆ ಅನ್ನಿಸಿತ್ತು, ಒಪ್ಪಿಸಲು ಒಂದು ಆಧಾರ ಬೇಕಿತ್ತು. ಸಿಆರ್‌ಪಿಗೆ ಪುರಾವೆಯ ಬಲವೂ ಇದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ. 2008ರ ಜುಪಿಟರ್ ಅಧ್ಯಯನದಲ್ಲಿ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಆದರೆ ಸಿಆರ್‌ಪಿ 2 ಅಥವಾ ಜಾಸ್ತಿ ಇದ್ದ 17,802 ಜನರನ್ನು ಸೇರಿಸಿಕೊಂಡಿದ್ದರು. ರೊಸುವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಅನಾಹುತಗಳು 44% ಕಡಿಮೆಯಾದವು. 2017ರ ಕ್ಯಾಂಟೋಸ್ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಲ್‌ಡಿಎಲ್ ಮುಟ್ಟದೆ ಉರಿಯೂತ ಮಾತ್ರ ಇಳಿಸಿದರೂ ಹೃದಯಾಘಾತ ಕಡಿಮೆಯಾಗುತ್ತದೆ ಅಂತ ತೋರಿಸಿತು.

ಹಾಗಾಗಿ ಹೇಳಿಬಿಟ್ಟೆ: “ಇಲ್ಲಿ ನೋಡಿ, 8.4 ಇದೆ. ರಕ್ತನಾಳದಲ್ಲಿ ಉರಿಯೂತ ಇದೆ ಅಂತ ಅರ್ಥ. ಅದಕ್ಕೇ ಮಾತ್ರೆ ಬೇಕು.”

ಅವರು ಸುಮ್ಮನಾದರು. ಯೋಚಿಸಿ ಹೇಳುತ್ತೇನೆ, ಆರು ವಾರದ ನಂತರ ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಬರುತ್ತೇನೆ ಅಂದರು.

ಸಿಆರ್‌ಪಿ 10 ದಾಟಿದರೆ ಬೇರೆ ಕಡೆ ಸೋಂಕು ಇದೆಯಾ ನೋಡಿ, ಕನಿಷ್ಠ ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ ಎಂಬ ನಿಯಮ ಇದೆ. 8.4 ಆ ಗೆರೆಯ ಕೆಳಗಿತ್ತು. ಅದಕ್ಕೇ ನಾನು ಕೇಳಲೇ ಇಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು: ಮೂರು ವಾರದಿಂದ ಅವರು ಒಂದೇ ಕಡೆಯಿಂದ ಅಗಿಯುತ್ತಿದ್ದರು. ದವಡೆ ಹಲ್ಲಿನ ಬುಡದಲ್ಲಿ ಕೀವು ಆಗಿತ್ತು.

ಆ ನಡುವೆ ಅವರು ದಂತವೈದ್ಯರ ಹತ್ತಿರ ಹೋಗಿ ರೂಟ್ ಕೆನಾಲ್ ಮಾಡಿಸಿಕೊಂಡರು. ಸಿಆರ್‌ಪಿಯನ್ನು ತಯಾರಿಸುವುದು ಯಕೃತ್ತು. ದೇಹದಲ್ಲಿ ಎಲ್ಲಿ ಸೋಂಕಾದರೂ ಕೆಲವೇ ಗಂಟೆಗಳಲ್ಲಿ ಅದು ಏರಲು ಶುರುವಾಗುತ್ತದೆ. ಸೋಂಕು ಹೋದರೆ ಬೇಗ ಇಳಿಯುತ್ತದೆ. ಆರು ವಾರದ ನಂತರದ ರಿಪೋರ್ಟಿನಲ್ಲಿ 1.1 ಇತ್ತು.

“ಡಾಕ್ಟ್ರೇ, ನೀವೇ ಹೇಳಿದ್ರಲ್ವಾ, ಉರಿಯೂತ ಇರೋದಕ್ಕೆ ಮಾತ್ರೆ ಅಂತ? ಈಗ ಇಲ್ವಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ವಾದವನ್ನೇ ನನಗೆ ತಿರುಗಿಸಿದ್ದರು. ಎಲ್‌ಡಿಎಲ್ ಮಾತ್ರ ಇನ್ನೂ 176ರಲ್ಲೇ ನಿಂತಿತ್ತು. ಊಟ, ನಡಿಗೆ ಎರಡನ್ನೂ ಅವರು ನಿಷ್ಠೆಯಿಂದ ಮಾಡಿದ್ದರು. ತೂಕ ಮೂರು ಕಿಲೋ ಇಳಿದಿತ್ತು. ಸರಿಯಾದ ತೀರ್ಮಾನಕ್ಕೆ ತಪ್ಪು ಕಾರಣ ಕೊಟ್ಟರೆ, ಕಾರಣ ಬಿದ್ದಾಗ ತೀರ್ಮಾನವೂ ಬೀಳುತ್ತದೆ. ಅವತ್ತು ಅದು ನನ್ನ ಕಣ್ಣೆದುರೇ ಆಯಿತು.

ಮತ್ತೆ ಮೊದಲಿಂದ

“ನಾನು ಅವತ್ತು ಹೇಳಿದ್ದು ತಪ್ಪು” ಅಂತ ಒಪ್ಪಿಕೊಂಡೆ. ಒಂದು ಹಾಳೆ ತೆಗೆದು ಮಧ್ಯೆ ಗೆರೆ ಎಳೆದೆ. ಒಂದು ಕಡೆ ‘ಕಾರಣ’, ಇನ್ನೊಂದು ಕಡೆ ‘ಸಾಕ್ಷಿ’ ಅಂತ ಬರೆದೆ.

ಸಿಆರ್‌ಪಿ, ಐಕ್ಯಾಮ್, ವಿಕ್ಯಾಮ್ ಸಾಕ್ಷಿಗಳು. ಎಲ್ಲೋ ಏನೋ ನಡೆದದ್ದನ್ನು ಕಂಡಿವೆ. ಎಲ್ಲಿ, ಯಾಕೆ ಅಂತ ಹೇಳಲಾರವು. ಸಿಆರ್‌ಪಿ ಸ್ವತಃ ರಕ್ತನಾಳ ಕೆಡಿಸುವುದಿಲ್ಲ ಅಂತ ಜೀನ್ ಅಧ್ಯಯನಗಳು ತೋರಿಸಿವೆ. ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವ ಜೀನ್ ಹೊತ್ತವರಿಗೆ ಅದರಿಂದಾಗಿ ಹೃದಯಾಘಾತ ಹೆಚ್ಚಾಗುವುದಿಲ್ಲ. ಎಲ್‌ಡಿಎಲ್ ವಿಷಯದಲ್ಲಿ ಹಾಗಿಲ್ಲ. ಎಲ್‌ಡಿಎಲ್ ಏರಿಸುವ ಜೀನ್ ಇದ್ದವರಿಗೆ ಹೃದಯಾಘಾತ ಹೆಚ್ಚು, ಇಳಿಸುವ ಜೀನ್ ಇದ್ದವರಿಗೆ ಕಡಿಮೆ. ಗೋಡೆಯೊಳಗೆ ಹೋಗಿ ಕೂರುವುದು ಅದೇ ಕಣ. ಅದು ಕಾರಣ.

ಹೋಮೋಸಿಸ್ಟೀನ್ ಎಲ್ಲಿ ಬರೆಯುವುದು ಅಂತ ಅವರು ಕೇಳಿದರು. ಬಿ ವಿಟಮಿನ್ ಕೊಟ್ಟು ಅದನ್ನು ಇಳಿಸಿದರೂ ಹೃದಯಾಘಾತ ಕಡಿಮೆ ಆಗಲಿಲ್ಲ ಅಂತ 2006ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು ಹೇಳಿದವು. ಆದರೆ ಇವರ ಬಿ12 ಅಳೆದಾಗ ನಿಜಕ್ಕೂ ಕಡಿಮೆ ಇತ್ತು. ಕಾಲ್ಬೆರಳುಗಳಲ್ಲಿ ಜೋಮು ಹಿಡಿಯುತ್ತಿತ್ತಂತೆ. ಬಿ12 ಕೊಟ್ಟೆ. ಅದು ನರಗಳಿಗಾಗಿ, ಹೃದಯಕ್ಕಾಗಿ ಅಲ್ಲ. ಆ ಮಾತನ್ನೂ ಬಿಡಿಸಿ ಹೇಳಿದೆ.

ನಂತರ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಗಳನ್ನು ಕೇಳಿದೆ. ಗರ್ಭಿಣಿಯಾಗಿದ್ದಾಗ ಏನಾದರೂ ತೊಂದರೆ ಆಗಿತ್ತಾ? ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಏಳೂವರೆ ತಿಂಗಳಿಗೆ ಬಿಪಿ ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗಿತ್ತು, ಅವಧಿಗೆ ಮುಂಚೆ ಹೆರಿಗೆ ಮಾಡಿಸಿದ್ದರು. ಅಂದರೆ ಪ್ರೀಕ್ಲಾಂಪ್ಸಿಯಾ. ಅದು ಹೆರಿಗೆಯ ಜೊತೆಗೇ ಮುಗಿದು ಹೋಗುವ ಸಮಸ್ಯೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದರಲ್ಲಿ ಪೆಟ್ಟು ತಿನ್ನುವುದು ಇದೇ ಒಳಪದರ. ಅಂಥವರಿಗೆ ಮುಂದೆ ಹೃದಯ, ರಕ್ತನಾಳದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಹನ್ನೊಂದು ಪರೀಕ್ಷೆ ಮಾಡಿಸಿ ರಕ್ತದಲ್ಲಿ ಹುಡುಕಿದ್ದು ಅವರ ನೆನಪಿನಲ್ಲೇ ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೆ. ನಾನೂ ಕೇಳಿರಲಿಲ್ಲ.

ಆಮೇಲೆ ನಾಲ್ಕೇ ಪರೀಕ್ಷೆ ಬರೆದೆ. ಥೈರಾಯ್ಡ್, ಮೂತ್ರದ ಪ್ರೋಟೀನ್, ಅಪೊಬಿ, ಲಿಪೊಪ್ರೋಟೀನ್-ಎ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೂ, ಮೂತ್ರದಲ್ಲಿ ಪ್ರೋಟೀನ್ ತುಂಬಾ ಸೋರಿದರೂ ಕೊಲೆಸ್ಟ್ರಾಲ್ ಏರುತ್ತದೆ. ಹಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಇವರಲ್ಲಿ ಎರಡೂ ಸರಿಯಾಗಿದ್ದವು.

ಅಪೊಬಿ ಯಾಕೆ ಅಂತ ಯಜಮಾನರು ಕೇಳಿದರು. ಎಲ್‌ಡಿಎಲ್ ಪರೀಕ್ಷೆ ಹೇಳುವುದು ಮೂಟೆಗಳ ಒಳಗಿನ ಸರಕಿನ ತೂಕ. ಅಪೊಬಿ ಹೇಳುವುದು ಮೂಟೆಗಳ ಎಣಿಕೆ. ಗೋಡೆಯೊಳಗೆ ನುಗ್ಗಬಲ್ಲ ಪ್ರತಿ ಕಣದ ಮೇಲೂ ಒಂದೇ ಒಂದು ಅಪೊಬಿ ಇರುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಮೂಟೆಗಳು ಸಣ್ಣವು, ಆದರೆ ಬಹಳ. ಅಂಥ ಕಡೆ ತೂಕ ನೋಡಿ ಅಪಾಯ ಅಳೆದರೆ ಕಡಿಮೆ ಅಂತ ಕಾಣಬಹುದು. ಇವರ ಅಪೊಬಿ 138 ಬಂತು. 130 ದಾಟಿದರೆ ಅಪಾಯ ಹೆಚ್ಚಿಸುವ ಅಂಶ ಅಂತ ಲೆಕ್ಕ.

ಲಿಪೊಪ್ರೋಟೀನ್-ಎ 168 ನ್ಯಾನೊಮೋಲ್ ಬಂತು. 125 ದಾಟಿದರೆ ಜಾಸ್ತಿ. ನಾರ್ವೆಯ ಕೋರೆ ಬರ್ಗ್ 1963ರಲ್ಲೇ ಗುರುತಿಸಿದ ಕಣ ಇದು. ಎಲ್‌ಡಿಎಲ್‌ನಂತಹ ಒಂದು ಕಣಕ್ಕೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಎಷ್ಟಿರಬೇಕು ಅಂತ ಬಹುಪಾಲು ಜೀನ್‌ಗಳೇ ತೀರ್ಮಾನಿಸುತ್ತವೆ. ಊಟ, ವ್ಯಾಯಾಮದಿಂದ ಅಷ್ಟಾಗಿ ಬದಲಾಗುವುದಿಲ್ಲ. ಜೀವನದಲ್ಲಿ ಒಂದು ಸಲ ಅಳೆದರೆ ಹೆಚ್ಚಿನವರಿಗೆ ಸಾಕು. ಅವರ ಹನ್ನೊಂದು ಸಾಲಿನ ಪ್ಯಾಕೇಜಿನಲ್ಲಿ ಇದೂ ಇರಲಿಲ್ಲ, ಅಪೊಬಿಯೂ ಇರಲಿಲ್ಲ.

ಅಣ್ಣನ ಕಥೆಗೆ ಅಲ್ಲಿ ಒಂದು ಎಳೆ ಸಿಕ್ಕಿತು. ಅವರಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರ ಪ್ರಶ್ನೆಗೆ ಉತ್ತರ

ಆದರೂ ಅವರ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಅಪಾಯ ಇದೆ, ಸರಿ. ನಾಳ ಹಾಳಾಗಿದೆಯಾ? ಅದನ್ನು ರಕ್ತದಲ್ಲಿ ಕೇಳುವುದಕ್ಕಿಂತ ನಾಳವನ್ನೇ ನೋಡುವುದು ಮೇಲು ಅಂತ ಹೇಳಿದೆ. ಹೃದಯದ ನಾಳಗಳಲ್ಲಿ ಸುಣ್ಣ ಕಟ್ಟಿದೆಯಾ ಅಂತ ನೋಡುವ ಸಿಟಿ ಸ್ಕ್ಯಾನ್ ಇದೆ. ಇಂಜೆಕ್ಷನ್ ಬೇಡ, ಕೆಲವೇ ನಿಮಿಷ. ವಿಕಿರಣ ಇರುತ್ತದೆ, ಆದರೆ ಕಡಿಮೆ. ಸೊನ್ನೆ ಬಂದರೆ ಮಾತ್ರೆಯ ವಿಷಯವನ್ನು ಮತ್ತೆ ಕೂತು ಮಾತಾಡೋಣ, ಆದರೆ ಸುಣ್ಣ ಕಟ್ಟದ ಮೆದು ಪ್ಲಾಕ್ ಇದರಲ್ಲಿ ಕಾಣುವುದಿಲ್ಲ ಅಂತ ಮೊದಲೇ ಹೇಳಿದೆ. ಯಾವ ಉತ್ತರ ಬಂದರೆ ಏನು ಮಾಡುತ್ತೇವೆ ಅಂತ ಸ್ಕ್ಯಾನಿಗೆ ಮುಂಚೆಯೇ ಮೂವರೂ ಒಪ್ಪಿಕೊಂಡೆವು. ಈ ಸಲ ನನಗೆ ಮುಖ್ಯವಾಗಿ ಬೇಕಿದ್ದದ್ದು ಅದು.

ಅಂಕ 38 ಬಂತು. ಕೇಳಲು ಸಣ್ಣದು. ಆದರೆ ಆ ವಯಸ್ಸಿನ ಹೆಚ್ಚಿನ ಮಹಿಳೆಯರಲ್ಲಿ ಅದು ಸೊನ್ನೆ ಇರುತ್ತದೆ. ನಾಳದಲ್ಲಿ ಪ್ಲಾಕ್ ಕೂತಿದೆ ಅಂತ ಅರ್ಥ.

“ಮಾತ್ರೆ ಬರೀರಿ” ಅಂದರು. ಬೇರೇನೂ ಕೇಳಲಿಲ್ಲ.

ಏನಾಯಿತು

ರೊಸುವಾಸ್ಟಾಟಿನ್ 10 ಮಿಲಿಗ್ರಾಂ ಶುರು ಮಾಡಿದೆವು. ಮೂರನೇ ವಾರ ಮೀನಖಂಡ ನೋವು ಅಂತ ಬಂದರು. ಸ್ನಾಯುವಿಗೆ ಪೆಟ್ಟಾದರೆ ಏರುವ ಸಿಕೆ ಪರೀಕ್ಷೆ ಸರಿಯಾಗಿತ್ತು. ಎರಡು ವಾರ ನಿಲ್ಲಿಸಿ, 5 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿ, ನಿಧಾನಕ್ಕೆ 10ಕ್ಕೆ ಬಂದೆವು. ನೋವು ಮತ್ತೆ ಬರಲಿಲ್ಲ.

ಎಲ್‌ಡಿಎಲ್ 101ಕ್ಕೆ ಇಳಿಯಿತು. ಇನ್ನೂ ಇಳಿಸಬೇಕಿತ್ತು. ಸ್ಟ್ಯಾಟಿನ್ ಡೋಸ್ ಎರಡು ಪಟ್ಟು ಮಾಡಿದರೆ ಸಿಗುವ ಹೆಚ್ಚುವರಿ ಇಳಿಕೆ ಸುಮಾರು 6% ಮಾತ್ರ. ಅದಕ್ಕೆ ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಝೆಟಿಮೈಬ್ ಮಾತ್ರೆ ಸೇರಿಸಿದೆ. ಎಲ್‌ಡಿಎಲ್ 79ಕ್ಕೆ, ಅಪೊಬಿ 76ಕ್ಕೆ ಬಂತು. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದಾಗಲೆಲ್ಲ ದೊಡ್ಡ ಅನಾಹುತಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ. ಇವರಲ್ಲಿ ಇಳಿದದ್ದು 100ರ ಹತ್ತಿರ. ಲಿಪೊಪ್ರೋಟೀನ್-ಎ ಹೆಚ್ಚುಕಡಿಮೆ ಹಾಗೇ ಇದೆ. ಸ್ಟ್ಯಾಟಿನ್ ಅದನ್ನು ಇಳಿಸುವುದಿಲ್ಲ ಅಂತ ಮೊದಲೇ ಹೇಳಿದ್ದರಿಂದ ಅವರಿಗೆ ಬೇಜಾರಾಗಲಿಲ್ಲ. ಅದನ್ನು ಮುಟ್ಟಲು ಆಗದ ಕಾರಣಕ್ಕೇ ಉಳಿದದ್ದನ್ನು ಇಷ್ಟು ಕೆಳಗೆ ತಂದೆವು.

ಎಡಿಎಂಎ, ವಿಕ್ಯಾಮ್ ಮತ್ತೆ ಮಾಡಿಸಲಿಲ್ಲ. ಏರಿದ್ದರೂ ಇಳಿದಿದ್ದರೂ ಚಿಕಿತ್ಸೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಸುಣ್ಣದ ಸ್ಕ್ಯಾನನ್ನೂ ಮತ್ತೆ ಮಾಡಿಸಲಿಲ್ಲ. ಸ್ಟ್ಯಾಟಿನ್ ತೆಗೆದುಕೊಂಡಾಗ ಮೆದು ಪ್ಲಾಕ್ ಗಟ್ಟಿಯಾಗುತ್ತದೆ, ಆ ಅಂಕ ಏರಬಹುದು. ಗೊತ್ತಿಲ್ಲದವರು ಅದನ್ನು ನೋಡಿ ಮಾತ್ರೆ ಕೆಲಸ ಮಾಡಲಿಲ್ಲ ಅಂತ ನಿಲ್ಲಿಸಿಬಿಟ್ಟಾರು.

ಈಗ ನಾನು ಬೇರೆ ಥರ ಮಾಡುವುದು

ಸಿಆರ್‌ಪಿ ನೋಡುವ ಮುಂಚೆ ಹಲ್ಲು, ವಸಡು, ಕೆಮ್ಮು, ಕೀಲುನೋವು, ಗಾಯ ಎಲ್ಲಾ ಕೇಳುತ್ತೇನೆ. 10ರ ಕೆಳಗಿದ್ದರೂ ಕೇಳುತ್ತೇನೆ. ಜಾಸ್ತಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಂದು ಸಲ ಅಳೆಸದೆ ಅದರ ಬಗ್ಗೆ ಮಾತಾಡುವುದಿಲ್ಲ. ಮಹಿಳೆಯರಿಗೆ ಗರ್ಭಿಣಿಯಾಗಿದ್ದಾಗಿನ ಬಿಪಿ, ಮುಟ್ಟು ನಿಂತ ವಯಸ್ಸು ಎರಡನ್ನೂ ಮೊದಲ ಭೇಟಿಯಲ್ಲೇ ಬರೆದುಕೊಳ್ಳುತ್ತೇನೆ. ಅಣ್ಣ, ಅಪ್ಪನಿಗೆ 55ಕ್ಕೆ ಮುಂಚೆ, ಅಮ್ಮ, ಅಕ್ಕನಿಗೆ 65ಕ್ಕೆ ಮುಂಚೆ ಹೃದಯಾಘಾತ ಆಗಿದ್ದರೆ ಲಿಪೊಪ್ರೋಟೀನ್-ಎ ಒಂದು ಸಲ ಮಾಡಿಸುತ್ತೇನೆ. ಯಾರಾದರೂ ದೊಡ್ಡ ಪ್ಯಾಕೇಜ್ ರಿಪೋರ್ಟ್ ತಂದರೆ ಬೈಯುವುದಿಲ್ಲ. ಅದರ ಹಿಂದೆ ನಾನು ಉತ್ತರಿಸದ ಒಂದು ಪ್ರಶ್ನೆ ಇರುತ್ತದೆ ಅಂತ ಈಗ ನನಗೆ ಗೊತ್ತು.

ಕಳೆದ ಭೇಟಿಗೆ ಅವರು ಮಗಳನ್ನು ಕರೆತಂದಿದ್ದರು. ಮಗಳಿಗೆ 24. ಎಲ್‌ಡಿಎಲ್ 118, ಲಿಪೊಪ್ರೋಟೀನ್-ಎ 150. ಅಮ್ಮನ ಕಡೆಯಿಂದ ಬಂದಿದೆ. ಅಣ್ಣನದೂ ಜಾಸ್ತಿಯೇ ಬಂದಿದೆ ಅಂತ ಆ ಹೊತ್ತಿಗೆ ಗೊತ್ತಾಗಿತ್ತು. ಹುಡುಗಿಗೆ ಈಗ ಮಾತ್ರೆ ಬೇಡ ಅಂತ ತೀರ್ಮಾನಿಸಿದೆವು. ಸಿಗರೇಟು ಯಾವತ್ತೂ ಬೇಡ, ಬಿಪಿ ಮತ್ತು ಎಲ್‌ಡಿಎಲ್ ನೋಡುತ್ತಿರೋಣ, ಗರ್ಭಿಣಿಯಾದರೆ ಮನೆಯ ಇತಿಹಾಸವನ್ನು ಅಲ್ಲಿನ ಡಾಕ್ಟರಿಗೆ ಹೇಳಬೇಕು ಅಂದೆ. ಅವಳು ಎಲ್ಲಾ ಫೋನಿನಲ್ಲಿ ಬರೆದುಕೊಂಡಳು. ಅಮ್ಮ ಚೀಲದಿಂದ ಮಡಚಿದ ಒಂದು ಹಾಳೆ ತೆಗೆದು ಮಗಳ ಮುಂದಿಟ್ಟರು. ಅವತ್ತು ನಾನು ಗೆರೆ ಎಳೆದು ಬರೆದ ಹಾಳೆ ಅದು. “ಇದನ್ನೂ ಫೋಟೋ ತೆಗೆದುಕೊ” ಅಂದರು.